ಅಪ್ಪನಿಗೆ ಪಿಎಸ್‌ಎ 11 ಬಂದಿದೆ, ಏನು ಮಾಡಲಿ?

ಹಾಸನದ ಮಗ: ಅಪ್ಪನಿಗೆ 66. ರಾತ್ರಿ ನಾಲ್ಕೈದು ಸಲ ಗೋಡೆ ಹಿಡಿದುಕೊಂಡು ಮೂತ್ರಕ್ಕೆ ಏಳುತ್ತಾರೆ. ವಯಸ್ಸಾಯ್ತು ಅಂತ ಸುಮ್ನಿದ್ದರು. ಈಗ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ (ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನ್) 11, ಜಾಸ್ತಿಯಂತೆ. ಕ್ಯಾನ್ಸರೇ ಇರಬಹುದಾ?

ಶಿರಸಿಯವ: ಈಗಲೇ ಹೇಳೋಕಾಗಲ್ಲ. ಪ್ರಾಸ್ಟೇಟ್ ದೊಡ್ಡದಾದರೂ, ಸೋಂಕಾದರೂ ಪಿಎಸ್‌ಎ ಏರುತ್ತದೆ. ಯೂರಾಲಜಿಸ್ಟ್ (ಮೂತ್ರರೋಗ ತಜ್ಞ) ಹತ್ತಿರ ಹೋಗಿ, ಎಂಆರ್‌ಐ ಸ್ಕ್ಯಾನ್, ಬೇಕಾದರೆ ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷೆ) ಮಾಡಿಸುತ್ತಾರೆ. ತಡ ಮಾಡಬೇಡಿ.

ನಿವೃತ್ತ ಮೇಷ್ಟ್ರು: ನನಗೆ 61ನೇ ವಯಸ್ಸಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಯ್ತು. ಒಂದು ತೊಂದರೆಯೂ ಇರಲಿಲ್ಲ, ಶುಗರ್ ಟೆಸ್ಟ್ ಜೊತೆ ಮಗಳು ಹಟ ಮಾಡಿ ಪಿಎಸ್‌ಎ ಪರೀಕ್ಷೆಯನ್ನೂ ಮಾಡಿಸಿದ್ದಳು. ಆಪರೇಷನ್ ಆಗಿ ಏಳು ವರ್ಷ. ಮೊದಮೊದಲು ಮೂತ್ರ ತಡೆಯಲಾಗದೆ ಪ್ಯಾಡ್ ಹಾಕಿಕೊಂಡೇ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ, ಯಾರಿಗೂ ಹೇಳಲು ನಾಚಿಕೆ. ವ್ಯಾಯಾಮದಿಂದ ನಿಧಾನಕ್ಕೆ ಸರಿಹೋಯ್ತು. ಪಿಎಸ್‌ಎ ಪರೀಕ್ಷೆ ಈಗಲೂ ತಪ್ಪಿಸಲ್ಲ. ಅಪ್ಪನ ಜೊತೆ ನೀವೇ ಹೋಗಿ, ಡಾಕ್ಟರ ಮುಂದೆ ಅವರು ಬಾಯಿ ಬಿಡಲ್ಲ.

ಹಾಸನದ ಮಗ: ಸೋಮವಾರಕ್ಕೆ ಟೋಕನ್ ತಗೊಂಡೆ ಸರ್.

ಶಿರಸಿಯವ: ಅಪ್ಪನಿಗೆ ಕ್ಯಾನ್ಸರ್ ಅಂತಾದರೆ, ನೀವೂ 45ನೇ ವಯಸ್ಸಿಗೇ ಈ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ.