ಲೂಯಿಸ್ಟನ್ ಊರಿನ ಕೊಲೆ ದರ ನೋಡಿ ಮನೆಯವರು ಹೆದರಿದ್ದಾರೆ

ಸಾಲಗಾಮೆ ರಸ್ತೆ, ಹಾಸನ

ನನ್ನ ತಂಗಿಯ ಮಗಳಿಗೆ ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ, ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಗಂಡನನ್ನೂ ಮೂರು ವರ್ಷದ ಮಗುವನ್ನೂ ಕರೆದುಕೊಂಡು ಹೊರಟಿದ್ದಾಳೆ. ಮೊನ್ನೆ ಅವಳ ಮಾವ ಮೊಬೈಲ್‌ನಲ್ಲಿ ಯಾವುದೋ ಜಾಲತಾಣ ತೆರೆದು ಒಂದು ರೇಖಾಚಿತ್ರ ತೋರಿಸಿದರು. ಎಷ್ಟೋ ವರ್ಷ ತಳದಲ್ಲೇ ಇದ್ದ ಕೊಲೆ ದರ 2023ರಲ್ಲಿ ಲಕ್ಷ ಜನರಿಗೆ 48ಕ್ಕೆ ಏರಿದೆ. ಅಂದಿನಿಂದ ಮನೆಯಲ್ಲಿ ಊಟ ನಿದ್ದೆ ಯಾರಿಗೂ ಸರಿಯಿಲ್ಲ. ಇಷ್ಟು ಸಣ್ಣ ಊರಿನಲ್ಲಿ ಹೀಗೇಕೆ? ತಿಳಿದವರು ಹೇಳಿ.

ಬೇಲೂರಿನವನು

ಸೊಮಾಲಿಯಾದಿಂದ ಬಂದ ನಿರಾಶ್ರಿತರು ಅಲ್ಲಿ ಸಾವಿರಾರು ಜನ ನೆಲೆಸಿದ್ದಾರಂತೆ. ಕಾರಣ ಅದೇ ಇರಬೇಕು. ಬೇರೆ ಊರು ನೋಡಿಕೊಳ್ಳಲಿ.

ನಿವೃತ್ತ ಅಂಕಿಗಾರ್ತಿ, ಅರಸೀಕೆರೆ

ಬೇಲೂರಿನವರೇ, ಕಾರಣ ಹೇಳುವ ಮೊದಲು ಆ 48 ಎಲ್ಲಿಂದ ಬಂತು ಎಂದು ನೋಡಬೇಕಿತ್ತು. 2023ರ ಅಕ್ಟೋಬರ್ 25ರ ರಾತ್ರಿ ಒಬ್ಬನೇ ಒಬ್ಬ ಲೂಯಿಸ್ಟನ್‌ನ ಬೌಲಿಂಗ್ ಆಟದ ಅಂಗಳಕ್ಕೂ ಒಂದು ಮದ್ಯದಂಗಡಿಗೂ ನುಗ್ಗಿ ಹದಿನೆಂಟು ಜನರನ್ನು ಗುಂಡಿಟ್ಟು ಕೊಂದ. 2020ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 37,121. ಹದಿನೆಂಟನ್ನು ಅದರಿಂದ ಭಾಗಿಸಿ ಲಕ್ಷದಿಂದ ಗುಣಿಸಿ, 48 ಬರುತ್ತದೆ. ಕೊಂದವನು ನಿರಾಶ್ರಿತನಲ್ಲ. ಅದೇ ರಾಜ್ಯದವನು, ಅಮೆರಿಕದ ಸೇನೆಯ ಮೀಸಲು ಪಡೆಯಲ್ಲಿದ್ದವನು. ಸೊಮಾಲಿಯಾದವರು ಅಲ್ಲಿಗೆ ಬರತೊಡಗಿದ್ದು 2001ರಲ್ಲಿ. ರೇಖೆ ಏರಿದ್ದು 2023ರಲ್ಲಿ.

ಜಿಲ್ಲಾ ಅಂಕಿ ಅಂಶಗಳ ನೋಟಕ್ಕೆ ಕೋಷ್ಟಕ ಸಿದ್ಧಪಡಿಸುತ್ತಲೇ ನನ್ನ ಸೇವೆ ಮುಗಿಯಿತು, ಹಾಗಾಗಿ ಇಂಥ ರೇಖಾಚಿತ್ರ ಕಂಡರೆ ಸುಮ್ಮನಿರಲಾಗುವುದಿಲ್ಲ. ಅರಸೀಕೆರೆಯಲ್ಲಿ ಒಂದು ರಾತ್ರಿ ಧೋ ಎಂದು ಸುರಿದು ಆ ವರ್ಷದ ಮಳೆ ಲೆಕ್ಕ ಏರಿತೆಂದು ಯಾರೂ ಇಲ್ಲಿ ಕಾಫಿ ತೋಟ ಮಾಡಲು ಹೊರಡುವುದಿಲ್ಲ. ಸಣ್ಣ ಊರಿನ ದರದ ಗತಿಯೇ ಅದು. ವರ್ಷಕ್ಕೆ ಒಂದು ಕೊಲೆ ಇದ್ದದ್ದು ಎರಡಾದರೆ ಶೇ 100ರಷ್ಟು ಏರಿಕೆ ಎಂದು ಶೀರ್ಷಿಕೆ ಬರುತ್ತದೆ. ಆದ್ದರಿಂದ ದರವನ್ನು ಬದಿಗಿಟ್ಟು, ಹತ್ತು ವರ್ಷಗಳ ಬರಿಯ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿ. ಅವರ ಎಫ್‌ಬಿಐ ಹಿಂಸಾಪರಾಧ ಎಂದು ಒಟ್ಟು ಮಾಡುವುದು ಕೊಲೆ, ಅತ್ಯಾಚಾರ, ದರೋಡೆ, ಗಂಭೀರ ಹಲ್ಲೆ ಈ ನಾಲ್ಕನ್ನು. ಒಟ್ಟು ಮೊತ್ತದಲ್ಲಿ ಸಿಂಹಪಾಲು ಹಲ್ಲೆಯದು. ನಾಲ್ಕನ್ನೂ ಬೇರೆ ಬೇರೆ ಬರೆಯಿರಿ.

ಹಾಗೆಂದು ಭಯಕ್ಕೆ ಬುಡವೇ ಇಲ್ಲ ಎನ್ನುತ್ತಿಲ್ಲ. 2022ರಲ್ಲಿ ನಮ್ಮ ದೇಶದ ಕೊಲೆ ದರ ಲಕ್ಷಕ್ಕೆ 2.1. ಅಮೆರಿಕದ್ದು 2023ರಲ್ಲಿ, ಅದೂ ಇಳಿದ ಮೇಲೆ, 5.7ರ ಆಸುಪಾಸು. ಅಲ್ಲಿನ ಹತ್ತು ಕೊಲೆಗಳಲ್ಲಿ ಏಳೆಂಟಕ್ಕೆ ಬಂದೂಕೇ ಆಯುಧ. ಆದರೆ ಮೇನ್ ಆ ದೇಶದ ಶಾಂತ ರಾಜ್ಯಗಳಲ್ಲಿ ಒಂದು. 2022ರಲ್ಲಿ ದೇಶದ ಹಿಂಸಾಪರಾಧ ದರ ಲಕ್ಷಕ್ಕೆ ಸುಮಾರು 380 ಇದ್ದಾಗ ಮೇನ್‌ನಲ್ಲಿ ಸುಮಾರು 103 ಇತ್ತು.

ನನ್ನನ್ನು ಕಾಡುವುದು ಆ 48 ಅಲ್ಲ. ಆ ಮನುಷ್ಯನ ತಲೆ ಕೆಟ್ಟಿದೆ ಎಂದು ಮನೆಯವರೂ ಸಹೋದ್ಯೋಗಿಗಳೂ ತಿಂಗಳುಗಳ ಮೊದಲೇ ಎಚ್ಚರಿಸಿದ್ದರು. ಅವನ ಬಂದೂಕುಗಳನ್ನು ವಶಕ್ಕೆ ಪಡೆಯುವ ಹಾದಿ ತೆರೆಯಲು ಸ್ಥಳೀಯ ಪೊಲೀಸರಿಗೆ ಸಾಕಷ್ಟು ಆಧಾರವಿತ್ತು ಎಂದು ರಾಜ್ಯದ ತನಿಖಾ ಆಯೋಗವೇ 2024ರಲ್ಲಿ ಹೇಳಿತು. ಬಳಿಕ ಬಂದೂಕು ಕೊಳ್ಳುವವರು 72 ಗಂಟೆ ಕಾಯಬೇಕೆಂಬ ಕಾನೂನು ಬಂತು. 2025ರ ನವೆಂಬರ್‌ನಲ್ಲಿ, ಇಂಥವರ ಬಂದೂಕು ತೆಗೆಸಲು ಕುಟುಂಬದವರೇ ನೇರವಾಗಿ ನ್ಯಾಯಾಲಯದ ಮೊರೆ ಹೋಗಲು ಅವಕಾಶ ಕೊಡುವ ಪ್ರಸ್ತಾವವನ್ನು ಮತದಾರರು ಗೆಲ್ಲಿಸಿದರು.

ಕಳಸದ ಕಡೆಯವನು, ಈಗ ಓಹಾಯೊದಲ್ಲಿ

ಅಕ್ಕನವರ ಮಾತಿಗೆ ಎರಡು ಸೇರ್ಪಡೆ. 2013ರಿಂದ ಎಫ್‌ಬಿಐ ಅತ್ಯಾಚಾರದ ವ್ಯಾಖ್ಯೆಯನ್ನು ವಿಸ್ತರಿಸಿತು, ಹಾಗಾಗಿ ಅಲ್ಲಿ ರೇಖೆ ಏರಿದರೆ ಅಪರಾಧವೇ ಏರಿತೆಂದು ಓದಬೇಡಿ. 2021ರಲ್ಲಿ ವರದಿಯ ಪದ್ಧತಿಯನ್ನೇ ಬದಲಿಸಿದರು. ಆ ವರ್ಷ ನ್ಯೂಯಾರ್ಕ್, ಲಾಸ್ ಏಂಜಲೀಸ್ ಪೊಲೀಸರಂಥವರೇ ಅಂಕಿ ಕೊಡಲಿಲ್ಲ. ಅವಳಿಗೆ ಹೇಳಿ, ಕಾರಿನಲ್ಲಿ ಲ್ಯಾಪ್‌ಟಾಪ್ ಬಿಟ್ಟು ಇಳಿಯುವುದು ಬೇಡ. ಇಲ್ಲಿ ನಮ್ಮವರು ಕಳೆದುಕೊಳ್ಳುವುದು ಹೆಚ್ಚಾಗಿ ಹಾಗೆ.

ಸಾಲಗಾಮೆ ರಸ್ತೆ, ಹಾಸನ

ಅಕ್ಕಾ, ಉಪಕಾರವಾಯಿತು. ಮಾವನವರಿಗೆ ಓದಿ ಹೇಳಿದೆ. ‘ಹದಿನೆಂಟು ಜನ ಸತ್ತದ್ದು ನಿಜ ತಾನೇ’ ಎಂದು ಕೇಳಿದರು, ನನಗೆ ಉತ್ತರ ಹೊಳೆಯಲಿಲ್ಲ. ಮನೆ ಪಟ್ಟಣದ ನಡುವೆ, ಟ್ರೀ ಸ್ಟ್ರೀಟ್ಸ್ ಎಂಬ ಕಡೆ ನೋಡಿದ್ದಾರೆ. ಬಾಡಿಗೆ ಕಡಿಮೆಯಂತೆ. ಅಲ್ಲಿ ಹೇಗೆ?

ನಿವೃತ್ತ ಅಂಕಿಗಾರ್ತಿ, ಅರಸೀಕೆರೆ

ನಿಜ ಎಂದೇ ಹೇಳಿ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ.

ಬೀದಿಯ ಪ್ರಶ್ನೆ ಸರಿಯಾದ ಪ್ರಶ್ನೆ. ಮಿನಿಯಾಪೊಲಿಸ್ ಬಗ್ಗೆ 1989ರಲ್ಲಿ ಬಂದ ಅಧ್ಯಯನದಲ್ಲಿ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಶೇ 3ರಷ್ಟು ವಿಳಾಸಗಳಿಂದಲೇ ಬಂದಿದ್ದವು. ಪಕ್ಕದ ಬೀದಿ ಬೇರೆಯೇ ಇರಬಹುದು. ಅವಳ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನಡೆದು ಹೋಗುವ ದಾದಿಯರನ್ನು ಕೇಳಲಿ, ರೇಖಾಚಿತ್ರಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಆದರೆ ಆ ಮನೆಗಳ ಬಗ್ಗೆ ಇನ್ನೊಂದು ವಿಷಯವಿದೆ. ಬಟ್ಟೆ ಗಿರಣಿಗಳ ಕಾಲದ ಹಳೆಯ ಮರದ ಕಟ್ಟಡಗಳು ಅವು. ಸೀಸ ಬೆರೆತ ಬಣ್ಣ ಮಕ್ಕಳ ಹೊಟ್ಟೆ ಸೇರುವ ತೊಂದರೆಗೆ ಲೂಯಿಸ್ಟನ್ ಹೆಸರಾಗಿದೆ. ಮನೆಗೆ ಅಂಥ ಬಣ್ಣ ಬಳಸುವುದನ್ನು ಅಮೆರಿಕ 1978ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ಮನೆಯಾದರೆ, ಸೀಸದ ಬಗ್ಗೆ ತನಗೆ ತಿಳಿದಿರುವುದನ್ನು ಮಾಲೀಕ ಕರಾರಿಗೆ ಮೊದಲೇ ಬರೆದು ಕೊಡಬೇಕು, ಅದು ಅಲ್ಲಿನ ಕಾನೂನು. ಮೂರು ವರ್ಷದ ಮಗು ಇದೆ ಎಂದಿರಲ್ಲ, ಆ ಕಾಗದ ಕೈಗೆ ಬರುವ ತನಕ ಮುಂಗಡ ಕೊಡಬಾರದೆಂದು ತಿಳಿಸಿ.