ಸಹಾಯ ಬೇಕು: ಪಲ್ಸ್ ಕರೆಂಟಿನಿಂದ ಹೈಡ್ರೋಜನ್, ಆಸಿಲೋಸ್ಕೋಪ್ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ಮದು ಅಡಿಕೆ ತೋಟ. ಮಳೆಗಾಲದಲ್ಲಿ ಹಳ್ಳಕ್ಕೆ ಕೂರಿಸಿರೋ ಪಿಕೊ ಟರ್ಬೈನ್ (ಹರಿಯೋ ನೀರಿಂದ ಕರೆಂಟ್ ಮಾಡೋ ಪುಟ್ಟ ಯಂತ್ರ) ರಾತ್ರಿಯಿಡೀ ಓಡುತ್ತೆ, ಮಿಕ್ಕ ಕರೆಂಟೆಲ್ಲ ಹೀಟರ್ ಕಾಯಿಲ್‌ಗೆ ಹೋಗಿ ದಂಡ. ಅದರಲ್ಲಿ ನೀರು ಒಡೆದು ಹೈಡ್ರೋಜನ್ ತೆಗೆಯೋ ಪ್ರಯೋಗ ಮಾಡ್ತಿದ್ದೀನಿ. ಕಾಸ್ಟಿಕ್ ಪೊಟ್ಯಾಶ್ ನೀರು, ನಿಕ್ಕಲ್ ತಗಡು, ಪಲ್ಸ್ ಕೊಡೋಕೆ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಸರ್ಕ್ಯೂಟ್.

ಬರೀ ಡಿಸಿ (ಒಂದೇ ಸಮ ಹರಿಯೋ ಕರೆಂಟ್) ಕೊಟ್ಟಾಗ ಗುಳ್ಳೆಗಳು ತಗಡಿಗೇ ಅಂಟಿಕೊಂಡು ದಪ್ಪ ಆಗ್ತವೆ. ಪಲ್ಸ್ ಕೊಟ್ಟರೆ, ಅಂದ್ರೆ ಕರೆಂಟನ್ನು ಬಿಟ್ಟು ಬಿಟ್ಟು ಹರಿಸಿದರೆ, ಸಾಸಿವೆಯಷ್ಟಿರುವಾಗಲೇ ಕಳಚಿ ಮೇಲೇಳ್ತವೆ, ನೋಡೋಕೇ ಖುಷಿ. ಆದರೆ ಇದರಿಂದ ಕರೆಂಟು ನಿಜಕ್ಕೂ ಉಳೀತಿದೆಯಾ? ಮಲ್ಟಿಮೀಟರ್ ನಂಬೋ ಹಾಗಿಲ್ಲ. ಪಲ್ಸ್‌ನಲ್ಲಿ ಸರಾಸರಿ ವೋಲ್ಟನ್ನು ಸರಾಸರಿ ಆಂಪಿಯರ್‌ಗೆ ಗುಣಿಸಿದರೆ ಸರಿಯಾದ ವ್ಯಾಟ್ ಬರೋದಿಲ್ಲ, ಕ್ಷಣಕ್ಷಣದ ಲೆಕ್ಕವೇ ಬೇಕು.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಯಾರ ಹತ್ರಾದರೂ ಎರಡು ಚಾನೆಲ್ಲಿನ ಡಿಜಿಟಲ್ ಆಸಿಲೋಸ್ಕೋಪ್ (ವೋಲ್ಟು ಕ್ಷಣಕ್ಷಣಕ್ಕೆ ಬದಲಾಗೋದನ್ನು ತೆರೆ ಮೇಲೆ ತೋರಿಸೋ ಉಪಕರಣ) ಇದ್ದರೆ ದಯವಿಟ್ಟು ತಿಳಿಸಿ. ಷಂಟ್ ರೆಸಿಸ್ಟರ್ (ಆಂಪಿಯರ್ ಅಳೆಯೋಕೆ ಹಾಕೋ ಸಣ್ಣ ರೆಸಿಸ್ಟರ್) ಸಮೇತ ನೀರು ಒಡೆಯೋ ಸೆಲ್ಲನ್ನು ನಾನೇ ತರ್ತೀನಿ. ಗಾಳಿ ಆಡೋ ಜಗಲಿಯಾದರೆ ಸಾಕು, ಗಾಳಿಯಲ್ಲಿ ಶೇ. 4 ಹೈಡ್ರೋಜನ್ ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತೆ, ಮುಚ್ಚಿದ ಕೋಣೆ ಬೇಡವೇ ಬೇಡ.

‘ನೀರಲ್ಲೇ ಕಾರು ಓಡುತ್ತೆ’ ಅನ್ನೋ ವಿಡಿಯೋ ಮಾತ್ರ ಕಳಿಸಬೇಡಿ. ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 39 ಯೂನಿಟ್ ಶಕ್ತಿ ಬೇಕೇ ಬೇಕು, ಯಾವ ಪಲ್ಸೂ ಅದನ್ನು ತಪ್ಪಿಸೋಲ್ಲ. ನಾನು ಹುಡುಕ್ತಿರೋದು ಅದರ ಮೇಲೆ ಆಗೋ ನಷ್ಟ ಎಷ್ಟು ಕಮ್ಮಿ ಆಗುತ್ತೆ ಅಂತ.