ಹಿತ್ತಲಿಗೆ ಬರುವ ಗಿಳಿಯ ಕೊಕ್ಕು ಸೊಟ್ಟಗಿದೆ, ಹಿಡಿದು ಕತ್ತರಿಸಬಹುದಾ?

ಪ್ರಶ್ನೆ (ಹನುಮಂತನಗರದ ಸದಸ್ಯೆ):
ನಮಸ್ಕಾರ ಡಾಕ್ಟ್ರೇ. ನಮ್ಮ ಹಿತ್ತಲಲ್ಲಿ ಒಂದು ಸೀಬೆ ಮರ ಇದೆ. ದಿನಾ ಬೆಳಿಗ್ಗೆ ಏಳೆಂಟು ಗಿಳಿ ಬರ್ತವೆ. ದೀಪಾವಳಿ ಆದಮೇಲೆ ಅವುಗಳ ಜೊತೆ ಹೊಸದೊಂದು ಬರ್ತಿದೆ. ಮೇಲಿನ ಕೊಕ್ಕು ಉದ್ದ ಬೆಳೆದು ಎಡಕ್ಕೆ ತಿರುಗಿದೆ, ಕೆಳಗಿನದು ಬಲಕ್ಕೆ ಚಾಚಿದೆ. ಮಿಕ್ಕವು ಕಡ್ಲೆಕಾಯಿ ಬಿಡಿಸಿ ತಿಂತಿದ್ರೆ ಇದು ಕಾಲಲ್ಲಿ ಹಿಡ್ಕೊಂಡು ಕಚ್ಚೋಕೆ ನೋಡಿ ನೋಡಿ ಬೀಳಿಸುತ್ತೆ. ಬೇರೆ ಗಿಳಿ ಕಚ್ಚಿ ಬಿಟ್ಟ ಸೀಬೆಹಣ್ಣಿನ ತಿರುಳನ್ನ ನಾಲಿಗೆಯಲ್ಲಿ ಕೆರೆದುಕೊಂಡು ತಿನ್ನುತ್ತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಪಕ್ಕದ ಮನೆಯವರು ಬಲೆ ಹಾಕಿ ಹಿಡಿದು ನೇಲ್ ಕಟರಲ್ಲಿ ತುದಿ ಕತ್ತರಿಸಿ ಬಿಡಿ ಅಂತಾರೆ. ನಮ್ಮತ್ತೆ ಪಂಜರ ತಂದು ನಾವೇ ಸಾಕೋಣ ಅಂತಾರೆ. ಏನು ಮಾಡ್ಲಿ?

ಉತ್ತರ (ಪಕ್ಷಿವೈದ್ಯೆ):
ನೀವು ಕಳಿಸಿದ ಫೋಟೋ ಎರಡನ್ನೂ ನೋಡಿದೆ ಅಮ್ಮ. ದಯವಿಟ್ಟು ನೇಲ್ ಕಟರ್ ಮುಟ್ಟಬೇಡಿ, ಉಳಿದದ್ದು ಆಮೇಲೆ. ಕೊಕ್ಕಿನ ಹೊರಗಿನ ಪದರ ನಮ್ಮ ಉಗುರಿನ ಥರ ಕೆರಾಟಿನ್ನೇ ಹೌದು, ಆದರೆ ಅದರೊಳಗೆ ಮೂಳೆ ಇದೆ, ರಕ್ತನಾಳ ಇದೆ, ನರ ಇದೆ. ಉದ್ದ ಬೆಳೆದ ಕೊಕ್ಕಿನಲ್ಲಿ ರಕ್ತನಾಳ ಎಲ್ಲಿವರೆಗೆ ಬಂದಿದೆ ಅಂತ ಹೊರಗಿಂದ ಹೇಳೋಕಾಗಲ್ಲ. ಈ ಗಿಳಿ ತೂಗುವುದು ಸುಮಾರು 120 ಗ್ರಾಂ. ಮೈಯಲ್ಲಿರೋ ರಕ್ತ ಅದರಲ್ಲಿ ಹತ್ತನೇ ಒಂದು ಭಾಗ, ಅಂದರೆ 12 ಎಂಎಲ್ ಆಸುಪಾಸು. ನಮಗೆ ನಾಲ್ಕು ಹನಿ ಅನ್ನಿಸೋದು ಅದಕ್ಕೆ ದೊಡ್ಡ ನಷ್ಟ. ಕಟರ್ ಒತ್ತಿದಾಗ ಕೊಕ್ಕು ಉದ್ದಕ್ಕೂ ಸೀಳುವುದೂ ಉಂಟು. ನಾವು ಸಣ್ಣ ಗ್ರೈಂಡರಲ್ಲಿ ಸ್ವಲ್ಪಸ್ವಲ್ಪವೇ ಉಜ್ಜುತ್ತೇವೆ, ಬೇಕಾದರೆ ಅರಿವಳಿಕೆ ಕೊಟ್ಟು.

ಹೀಗೇಕಾಯಿತು ಅಂದರೆ, ಗಿಳಿ ಕೊಕ್ಕು ಸಾಯೋತನಕ ಬೆಳೀತಾನೇ ಇರುತ್ತೆ. ಕೊಂಬೆ ಕಡಿದು, ಬೀಜ ಒಡೆದು, ಮೇಲಿನ ಕೊಕ್ಕಿಗೆ ಕೆಳಗಿನದನ್ನ ಮಸೆದು ಅದು ಸವೀತಿರುತ್ತೆ. ಎರಡೂ ಒಂದಕ್ಕೊಂದು ಕೂರದೆ ಹೋದರೆ ಸವೆತ ನಿಂತು ಬೆಳವಣಿಗೆ ಮಾತ್ರ ಉಳಿಯುತ್ತೆ. ಕಿಟಕಿ ಗಾಜಿಗೆ ಬಡಿದೋ, ಗಾಳಿಪಟದ ಮಾಂಜಾಕ್ಕೆ ಸಿಕ್ಕಿಯೋ ಆದ ಹಳೇ ಪೆಟ್ಟಿರಬಹುದು, ಮರಿಯಲ್ಲಿದ್ದಾಗಿನ ಕೊರತೆ ಇರಬಹುದು. ಲಿವರ್ ಕೆಟ್ಟರೂ ಕೊಕ್ಕು ಅತಿಯಾಗಿ ಬೆಳೆಯುತ್ತೆ. ನನಗೆ ಹೆಚ್ಚು ಭಯ ಇರೋದು ಗಿಳಿಗಳ ಕೊಕ್ಕು ಮತ್ತು ಗರಿಗೆ ಬರುವ ವೈರಸ್ ರೋಗದ ಬಗ್ಗೆ. ಅದಾದರೆ ಗರಿ ಉದುರಿ, ಹೊಸದಾಗಿ ಬರೋದೂ ತಿರುಚಿಕೊಂಡು ಬರುತ್ತೆ. ನಿಮ್ಮ ಫೋಟೋದಲ್ಲಿ ಗರಿ ಚೆನ್ನಾಗೇ ಕಾಣ್ತಿದೆ. ಆದರೂ ಫೋಟೋ ನೋಡಿ ರೋಗ ಇಲ್ಲ ಅಂತ ನಾನು ಹೇಳಲಾರೆ.

ಈಗ ನೀವು ನೋಡಬೇಕಾದ್ದು ಕೊಕ್ಕನ್ನಲ್ಲ, ಹೊಟ್ಟೆಗೆ ಹೋಗ್ತಿದೆಯಾ ಅನ್ನೋದನ್ನ. ಜೊತೆಯವು ಹಾರಿದಾಗ ಅದೂ ಜೊತೆಗೇ ಹಾರುತ್ತಾ? ಬಿಸಿಲು ಏರಿದ ಮೇಲೂ ಮೈ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕೂರುತ್ತಾ? ಗರಿ ತಿದ್ದಿಕೊಳ್ಳೋಕೆ ಆಗ್ತಿದೆಯಾ? ಕೊಕ್ಕು ಸೊಟ್ಟ ಇದ್ದರೆ ಇದೇ ಮೊದಲು ನಿಲ್ಲೋದು, ಮೈ ಮಂಕಾಗಿ ಹೇನು ಸೇರಿಕೊಳ್ಳುತ್ತೆ. ವಾರಕ್ಕೊಂದು ಸಲ ಎರಡೂ ಪಕ್ಕದಿಂದ, ಎದುರಿಂದ ಫೋಟೋ ತೆಗೆದಿಡಿ.

ತಿನ್ನೋಕೆ ಮೆತ್ತಗಿರೋದು ಕೊಡಿ: ಪರಂಗಿ, ಹಣ್ಣಾದ ಸೀಬೆ ಕತ್ತರಿಸಿದ್ದು, ಬೇಯಿಸಿದ ಜೋಳದ ಕಾಳು, ನೆನೆಸಿ ಬೇಯಿಸಿದ ಹೆಸರುಕಾಳು, ಸಿಪ್ಪೆ ತೆಗೆದು ಪುಡಿ ಮಾಡಿದ ಕಡ್ಲೆಕಾಯಿ ಬೀಜ. ಉಪ್ಪು ಹಾಕಬೇಡಿ. ಹಾಲು ಅನ್ನ, ಬ್ರೆಡ್, ಬಿಸ್ಕೆಟ್ ಬೇಡ. ಬಟರ್ ಫ್ರೂಟ್ ಅಂತೂ ಖಂಡಿತ ಬೇಡ, ಹಕ್ಕಿಗಳಿಗೆ ಅದು ವಿಷ. ಪಾಪ ಅಂತ ಡ್ರಾಪರಲ್ಲಿ ನೀರು ಬಿಡೋಕೂ ಹೋಗಬೇಡಿ, ಶ್ವಾಸಕೋಶಕ್ಕೆ ಹೋಗಿಬಿಡುತ್ತೆ.

ಪಂಜರದ ಮಾತು ಅತ್ತೆಯವರದ್ದು ಕಕ್ಕುಲಾತಿಯ ಮಾತೇ. ಆದರೆ ನಮ್ಮ ಗಿಳಿಗಳನ್ನ ಹಿಡಿಯೋದೂ ಸಾಕೋದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಪಕ್ಕಕ್ಕಿಟ್ಟರೂ, ಆ ಏಳೆಂಟು ಗಿಳಿಗಳ ಗುಂಪು ಅದಕ್ಕೆ ದೊಡ್ಡ ಆಸರೆ. ಗಿಡುಗ ಬಂದರೆ ಕೂಗಿ ಎಚ್ಚರಿಸೋದು ಅವೇ.

ಇನ್ನೊಬ್ಬರು (ರಾಜಾಜಿನಗರ):
ಡಾಕ್ಟರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಹಿಂದೆ ಇಂಥದ್ದೇ ಗಿಳಿ ಹಿಡಿದು ನಮ್ಮ ಚಿಕ್ಕಪ್ಪ ತುದಿ ಕತ್ತರಿಸಿದ್ರು. ರಕ್ತ ನಿಲ್ಲಲಿಲ್ಲ. ಅರಿಶಿನ ಮೆತ್ತಿದ್ವಿ, ಬಟ್ಟೆಯಲ್ಲಿ ಬಿಗಿಯಾಗಿ ಹಿಡ್ಕೊಂಡಿದ್ವಿ. ಅರ್ಧ ಗಂಟೆಯಲ್ಲಿ ಹೋಯ್ತು. ಇವತ್ತಿಗೂ ನೆನೆಸಿಕೊಂಡ್ರೆ ಸಂಕಟ ಆಗುತ್ತೆ.

ಪಕ್ಷಿವೈದ್ಯೆ:
ಬರೆದಿದ್ದಕ್ಕೆ ಧನ್ಯವಾದ ಸರ್. ಬಿಗಿಯಾಗಿ ಹಿಡಿದ ವಿಷಯವನ್ನ ಎಲ್ಲರೂ ಗಮನಿಸಿ. ನಮಗಿರೋ ಥರ ವಪೆ (ಎದೆ-ಹೊಟ್ಟೆ ನಡುವೆ ಇದ್ದು ಉಸಿರಾಡಿಸೋ ಸ್ನಾಯುವಿನ ಪದರ) ಹಕ್ಕಿಗಳಿಗಿಲ್ಲ, ಎದೆಗೂಡು ಹಿಂದೆಮುಂದೆ ಆಡಿದರೇ ಅವು ಉಸಿರಾಡೋದು. ಎದೆ ಅದುಮಿದರೆ ರಕ್ತ ನಿಂತರೂ ಉಸಿರು ನಿಲ್ಲುತ್ತೆ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ಯಾವಾಗ ಹಿಡಿಯಬೇಕು ಮೇಡಂ? ಡಾಕ್ಟರ್ ಹತ್ರ ಒಂದು ಸಲ ಸರಿ ಮಾಡಿಸಿ ಬಿಡೋಕಾಗಲ್ವಾ?

ಪಕ್ಷಿವೈದ್ಯೆ:
ಆಗುತ್ತೆ, ಆದರೆ ಒಂದು ಸಲಕ್ಕೆ ಮುಗಿಯಲ್ಲ. ಬುಡವೇ ತಿರುಗಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತೆ. ಮನೆ ಸಾಕು ಗಿಳಿಯಾದರೆ ಮತ್ತೆ ಮತ್ತೆ ಕರ್ಕೊಂಡು ಬರ್ತಾರೆ. ಇದನ್ನ ಪ್ರತಿ ಸಲ ಅಟ್ಟಿಸಿಕೊಂಡು ಹಿಡಿಯೋ ಹಿಂಸೆಯೇ ಹೆಚ್ಚು. ಆದ್ದರಿಂದ ತಿಂದುಕೊಂಡು ಹಾರಿಕೊಂಡು ಇರೋವರೆಗೆ ನಾನು ಹಿಡಿಯೋ ಪರವಾಗಿಲ್ಲ.

ನೆಲಕ್ಕಿಳಿದು ಕೂತಿದೆ, ಹತ್ತಿರ ಹೋದರೂ ಹಾರಲ್ಲ, ರಕ್ತ ಬರ್ತಿದೆ, ಕಾಗೆ ಕುಕ್ಕೋಕೆ ಶುರು ಮಾಡಿವೆ ಅಂದಾಗ ತಡ ಮಾಡಬೇಡಿ. ಹಳೇ ಟವೆಲ್ ಮೇಲಿಂದ ಹಾಕಿ ಸಡಿಲವಾಗಿ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲಲ್ಲಿ ಸದ್ದಿಲ್ಲದ ಕಡೆ ಇಡಿ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಹನುಮಂತನಗರದಿಂದ ಅಷ್ಟೇನೂ ದೂರವಲ್ಲ. ಹೊರಡೋ ಮುಂಚೆ ಫೋನ್ ಮಾಡಿಯೇ ಹೊರಡಿ.

ಮತ್ತೊಬ್ಬರು (ಯಲಹಂಕ):
ಗಿಳಿಗೆ ಮೆಣಸಿನಕಾಯಿ ಒಳ್ಳೇದು ಅಂತಾರಲ್ಲ, ಕೊಡಬಹುದಾ?

ಪಕ್ಷಿವೈದ್ಯೆ:
ಕೊಡಬಹುದು. ಹಕ್ಕಿಗಳಿಗೆ ಆ ಖಾರ ಗೊತ್ತಾಗಲ್ಲ. ಹಣ್ಣು ಮೆಣಸಿನಕಾಯಿಯಲ್ಲಿ ವಿಟಮಿನ್ ಎ ಆಗಿ ಬದಲಾಗುವ ಅಂಶವೂ ಇದೆ. ಈ ಗಿಳಿಗೆ ಮಾತ್ರ ಸೀಳಿ ಇಡಿ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ):
ಮೇಡಂ, ಪರಂಗಿ ಹಣ್ಣು, ಬೇಯಿಸಿದ ಜೋಳ ಎರಡನ್ನೂ ತಿಂತಿದೆ! ಕೊಕ್ಕಿನ ಪಕ್ಕದಿಂದ ಒತ್ತಿ ಜೋಳದ ಕಾಳು ಒಳಗೆ ತಗೊಳ್ಳೋದನ್ನ ಅದೇ ಕಲಿತಿದೆ. ಹೊಸ ಫೋಟೋ ಹಾಕಿದೀನಿ. ಈಗ ಹದಿನೈದು ಗಿಳಿ ಬರ್ತವೆ. ನಾವು ಸಂಕ್ರಾಂತಿಗೆ ಹತ್ತು ದಿನ ಊರಿಗೆ ಹೋಗಬೇಕು, ಅದೇ ಯೋಚನೆ.

ಪಕ್ಷಿವೈದ್ಯೆ:
ಹೊಸ ಫೋಟೋದಲ್ಲಿ ಗಿಳಿಯ ಎದೆ ತುಂಬಿಕೊಂಡಿದೆ, ನೋಡಿ ತುಂಬಾ ಖುಷಿಯಾಯ್ತು. ಹದಿನೈದು ಗಿಳಿ ಒಂದೇ ತಟ್ಟೆಗೆ ಮುಗಿಬಿದ್ದರೆ ಒಂದರ ರೋಗ ಎಲ್ಲಕ್ಕೂ ಹರಡುತ್ತೆ. ದೂರದೂರಕ್ಕೆ ಮೂರು ತಟ್ಟೆ ಇಡಿ. ಸಂಜೆ ಉಳಿದಿದ್ದನ್ನ ತೆಗೆದು ತಟ್ಟೆ ಸೋಪಲ್ಲಿ ತೊಳೆದು ಬಿಸಿಲಿಗೆ ಹಾಕಿ. ಹಿಕ್ಕೆಯನ್ನ ಒಣಗಿದ್ದಾಗ ಗುಡಿಸಬೇಡಿ, ನೀರು ಹಾಕಿ ತೊಳೆಯಿರಿ, ಆ ಧೂಳಿನಿಂದ ಮನುಷ್ಯರಿಗೂ ಶ್ವಾಸಕೋಶದ ಸೋಂಕು ಬರಬಹುದು. ಅತ್ತೆಯವರು ಆ ಕೆಲಸಕ್ಕೆ ಬರದಿರಲಿ.

ಹೊರಡೋಕೆ ಎರಡು ವಾರ ಮುಂಚೆಯಿಂದಲೇ ಹಾಕೋದನ್ನ ಸ್ವಲ್ಪಸ್ವಲ್ಪ ಕಮ್ಮಿ ಮಾಡಿ. ನಡುನಡುವೆ ಒಂದು ದಿನ ಹಾಕಲೇಬೇಡಿ, ಬೇರೆ ಮರ ಹುಡುಕೋ ಅಭ್ಯಾಸ ತಪ್ಪಬಾರದು. ಆ ಹತ್ತು ದಿನಕ್ಕೆ ಪಕ್ಕದ ಮನೆಯವರ ಕೈಗೆ ನೇಲ್ ಕಟರ್ ಬದಲು ಒಂದು ಪರಂಗಿ ಹಣ್ಣು ಕೊಟ್ಟು ಹೋಗಿ. ದಿನ ಬಿಟ್ಟು ದಿನ ಎರಡು ಹೋಳು ಇಟ್ಟು, ಆ ಗಿಳಿ ಬಂತಾ ಅಂತ ನೋಡಿದರೆ ಸಾಕು.